ಮನದೊಳಗಿನ ಹೆಜ್ಜೆ: ಮಕ್ಕಳ ಚಲನ ಕಲ್ಪನೆಯನ್ನು ಅಳೆಯುವ ಬಗೆ

ನೆಲದ ಮೇಲೆ ಗೆರೆ ಎಳೆದ ಮನೆಗಳ ಮುಂದೆ ಬಾಲಕಿಯೊಬ್ಬಳು ನಿಂತಿದ್ದಾಳೆ. ಅವಳು ಎಸೆದ ಬಿಲ್ಲೆ ಮೂರನೆಯ ಮನೆಯಲ್ಲಿ ಬಿದ್ದಿದೆ. ಒಂದು ಕಾಲನ್ನು ಮಡಚಿಕೊಂಡ ಅವಳು ಕ್ಷಣಕಾಲ ಅಲುಗದೆ ನಿಲ್ಲುತ್ತಾಳೆ, ಅನಂತರವೇ ಕುಪ್ಪಳಿಸುತ್ತಾಳೆ. ಕರ್ನಾಟಕದಲ್ಲಿ ಕುಂಟೆಬಿಲ್ಲೆ ಎನಿಸಿಕೊಂಡ ಈ ಆಟ ಚೆನ್ನೈಯಲ್ಲಿ ಪಾಂಡಿಯಾಗುತ್ತದೆ, ಹೈದರಾಬಾದಿನಲ್ಲಿ ತೊಕ್ಕುಡುಬಿಳ್ಳ ಆಗುತ್ತದೆ. ಹೆಸರು ಬದಲಾದರೂ ಕುಪ್ಪಳಿಸುವ ಮುನ್ನಿನ ಆ ಒಂದು ಕ್ಷಣ ಎಲ್ಲೆಡೆಯೂ ಒಂದೇ. ನೋಡುವವರಿಗೆ ಅದು ಬರಿಯ ನಿಲುಗಡೆ. ಆದರೆ ಬಾಲಕಿಯ ಮನಸ್ಸಿನೊಳಗೆ ಆಗಲೇ ಒಂದು ಸುತ್ತು ಆಟ ನಡೆದುಹೋಗಿರುತ್ತದೆ. ಎಷ್ಟು ದೂರ ನೆಗೆಯಬೇಕು, ಯಾವ ಗೆರೆಯನ್ನು ತುಳಿಯಬಾರದು, ಬಾಗಿ ಬಿಲ್ಲೆಯನ್ನು ಎತ್ತಿಕೊಳ್ಳುವಾಗ ತೋಲ ಹೇಗೆ ಕಾಯ್ದುಕೊಳ್ಳಬೇಕು ಎಂಬುದೆಲ್ಲವನ್ನೂ ಅವಳ ಮಿದುಳು ಮುಂಚಿತವಾಗಿ ನಡೆಸಿ ನೋಡಿರುತ್ತದೆ.

ದೇಹವನ್ನು ಅಲುಗಿಸದೆ ಒಂದು ಚಲನೆಯನ್ನು ಮನಸ್ಸಿನಲ್ಲಿಯೇ ನಡೆಸಿ ನೋಡುವ ಈ ಸಾಮರ್ಥ್ಯವನ್ನು ಚಲನ ಕಲ್ಪನೆ ಎಂದು ಕರೆಯಬಹುದು. ಇದು ಹಗಲುಗನಸಲ್ಲ, ಕಥೆ ಕಟ್ಟುವ ಕಲ್ಪನಾಶಕ್ತಿಯೂ ಅಲ್ಲ. ಗುಂಡಿ ಹಾಕಿಕೊಳ್ಳುವುದು, ಲೋಟಕ್ಕೆ ನೀರು ಬಗ್ಗಿಸುವುದು, ಅಕ್ಷರ ತಿದ್ದುವುದು, ಚೆಂಡು ಹಿಡಿಯುವುದು ಮುಂತಾದ ನಿತ್ಯದ ಕೆಲಸಗಳ ಹಿಂದೆ ನಿಂತಿರುವ ಶಕ್ತಿಯಿದು. ಕೆಲವು ಮಕ್ಕಳಲ್ಲಿ ಇದು ನಿಧಾನವಾಗಿ ಬೆಳೆಯುತ್ತದೆ. ಅಂಥ ಮಕ್ಕಳ ಕೈಯಿಂದ ಲೋಟ ಜಾರುತ್ತದೆ, ಅಕ್ಷರ ಗೆರೆ ದಾಟುತ್ತದೆ, ಆಟದಲ್ಲಿ ಅವರನ್ನು ಯಾರೂ ತಮ್ಮ ಪಕ್ಷಕ್ಕೆ ಕರೆಯುವುದಿಲ್ಲ. ಮನೆಯಲ್ಲಿ ಅವರು ಎಡವಟ್ಟು ಮಕ್ಕಳೆನಿಸಿಕೊಳ್ಳುತ್ತಾರೆ, ಶಾಲೆಯಲ್ಲಿ ಸೋಮಾರಿಗಳೆನಿಸಿಕೊಳ್ಳುತ್ತಾರೆ. ಆದ್ದರಿಂದ ಕಣ್ಣಿಗೆ ಕಾಣದ ಈ ಒಳಚಲನೆಯನ್ನು ಅಳೆಯಲು ಸಾಧ್ಯವೇ, ಅಳೆದರೆ ಮಗುವಿಗೆ ಪ್ರಯೋಜನವೇನು ಎಂಬ ಪ್ರಶ್ನೆಗಳು ಕೇವಲ ಪ್ರಯೋಗಾಲಯಕ್ಕೆ ಸೇರಿದವಲ್ಲ. ತಾಯಿತಂದೆಯರಿಗೂ ಶಿಕ್ಷಕರಿಗೂ ಸೇರಿದವು.

ಮುನ್ನೆಣಿಕೆಯ ಯಂತ್ರ

ಮಿದುಳು ಕೈಗೆ ಆಜ್ಞೆ ಕೊಟ್ಟ ಮೇಲೆ ಕೈ ಎಲ್ಲಿದೆ ಎಂಬ ಸುದ್ದಿ ನರಗಳ ಮೂಲಕ ಹಿಂದಿರುಗಿ ಬರಲು ಸ್ವಲ್ಪ ಕಾಲ ಬೇಕು. ಆ ಸುದ್ದಿಗಾಗಿ ಪ್ರತಿ ಹೆಜ್ಜೆಯಲ್ಲಿಯೂ ಕಾದು ಕುಳಿತರೆ ಯಾವ ಕೆಲಸವೂ ಸುಸೂತ್ರವಾಗಿ ಸಾಗದು. ಅದಕ್ಕಾಗಿ ಮಿದುಳು ಆಜ್ಞೆಯ ಜೊತೆಯಲ್ಲಿಯೇ ಅದರ ಫಲವೇನಾದೀತೆಂಬ ಅಂದಾಜನ್ನೂ ಸಿದ್ಧಪಡಿಸಿಕೊಳ್ಳುತ್ತದೆ. ಅಂದಾಜಿಗೂ ವಾಸ್ತವಕ್ಕೂ ಅಂತರ ಕಂಡರೆ ಒಡನೆಯೇ ತಿದ್ದುಪಡಿ ನಡೆಯುತ್ತದೆ. ಖಾಲಿಯೆಂದು ತಿಳಿಯದೆ ತುಂಬಿದ ಕೊಡವೆಂದು ಭಾವಿಸಿ ಎತ್ತಿದಾಗ ಕೈ ತಟಕ್ಕನೆ ಮೇಲಕ್ಕೆ ಹಾರುವುದನ್ನು ಎಲ್ಲರೂ ಬಲ್ಲರು. ಮುನ್ನೆಣಿಕೆ ತಪ್ಪಿದ್ದರ ಗುರುತು ಅದು.

ಚಲನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವಾಗ ಇದೇ ಯಂತ್ರ, ಸ್ನಾಯುಗಳನ್ನು ಬಿಟ್ಟು, ಒಳಗೊಳಗೇ ಓಡುತ್ತದೆ ಎಂಬುದು ಇಂದಿನ ವಿಜ್ಞಾನಿಗಳ ಪ್ರಮುಖ ಅಭಿಪ್ರಾಯ. ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ನಿಜವಾಗಿ ಕೈ ಆಡಿಸುವಾಗ ಚುರುಕಾಗುವ ಭಾಗಗಳಲ್ಲಿ ಹಲವು, ಕೈ ಆಡಿಸಿದಂತೆ ಕಲ್ಪಿಸಿಕೊಂಡಾಗಲೂ ಚುರುಕಾಗುವುದು ಕಂಡುಬಂದಿದೆ. ಆದ್ದರಿಂದ ಮಗುವಿನ ಚಲನ ಕಲ್ಪನೆ ಹೇಗಿದೆ ಎಂದು ತಿಳಿಯುವುದೆಂದರೆ, ಅದರ ಮುನ್ನೆಣಿಕೆಯ ಯಂತ್ರ ಹೇಗೆ ನಡೆಯುತ್ತಿದೆ ಎಂಬುದನ್ನು ಒಂದು ಕಿಂಡಿಯ ಮೂಲಕ ಇಣುಕಿ ನೋಡಿದಂತೆ.

ಅಳತೆಯ ಪೂರ್ವಕಥೆ

ಮನಸ್ಸಿನ ಚಿತ್ರಗಳನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಒಂದು ಪ್ರಶ್ನಾವಳಿಯ ಫಲಿತಾಂಶಗಳನ್ನು ಪ್ರಕಟಿಸಿದನು. ಬೆಳಗಿನ ಉಪಾಹಾರದ ಮೇಜನ್ನು ನೆನೆದಾಗ ಚಿತ್ರ ಎಷ್ಟು ಸ್ಪಷ್ಟವಾಗಿ ಮೂಡುತ್ತದೆ ಎಂದು ಅವನು ಹಲವರನ್ನು ಕೇಳಿದ್ದನು. ಕೆಲವರಿಗೆ ಅದು ಕಣ್ಣೆದುರೇ ಇದ್ದಂತೆ ತೋರಿದರೆ, ಇನ್ನು ಕೆಲವರು ತಮಗೆ ಯಾವ ಚಿತ್ರವೂ ಮೂಡುವುದಿಲ್ಲವೆಂದರು. ಮನಸ್ಸಿನಲ್ಲಿ ಚಿತ್ರವೇ ಮೂಡದ ಈ ಸ್ಥಿತಿಗೆ 2015ರಲ್ಲಿ ಬ್ರಿಟನ್ನಿನ ಆಡಮ್ ಜೆಮನ್ ಮತ್ತು ಸಂಗಡಿಗರು ಅಫ್ಯಾಂಟೇಸಿಯ ಎಂಬ ಹೆಸರಿಟ್ಟರು. ಹಾಗಿರುವವರೂ ಓದಿ, ದುಡಿದು, ಸಹಜವಾಗಿ ಬಾಳುತ್ತಾರೆ ಎಂಬುದು ಇಲ್ಲಿ ಗಮನಾರ್ಹ. ಕಲ್ಪನೆಯ ಬಗೆಗಳು ಬೇರೆ ಬೇರೆ, ವ್ಯತ್ಯಾಸವೆಲ್ಲವೂ ದೋಷವಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ 1966ರಲ್ಲಿ ಹೊರತಂದ ಗ್ರಂಥ ಮುಖ್ಯವಾದುದು. ಅವರ ಒಂದು ಪ್ರಯೋಗ ತೀರ ಸರಳ. ಒಂದರ ಮೇಲೊಂದು ಇರಿಸಿದ ಎರಡು ಚೌಕಗಳನ್ನು ಮಗುವಿಗೆ ತೋರಿಸಿ, ಮೇಲಿನ ಚೌಕವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಹೇಗೆ ಕಾಣುತ್ತದೆಂದು ಬರೆಯಲು ಹೇಳಲಾಯಿತು. ನಿಂತ ಚೌಕಗಳನ್ನು ಸರಿಯಾಗಿ ಬರೆಯಬಲ್ಲ ಚಿಕ್ಕ ಮಕ್ಕಳು ಸರಿಸಿದ ಚೌಕವನ್ನು ಬರೆಯುವಲ್ಲಿ ಎಡವಿದರು. ಚಲನೆಯ ಚಿತ್ರ ಏಳೆಂಟು ವರ್ಷಗಳ ಸುಮಾರಿಗೆ ಮಾತ್ರ ಕೈಗೂಡುತ್ತದೆ ಎಂದು ಅವರು ತೀರ್ಮಾನಿಸಿದರು. ಇನ್ನೂ ಸುಲಭವಾದ ವಿಧಾನಗಳನ್ನು ಬಳಸಿದ ಮುಂದಿನ ಸಂಶೋಧಕರಿಗೆ ಐದಾರು ವರ್ಷದವರಲ್ಲಿಯೂ ಇದರ ಮೊಳಕೆ ಕಂಡಿತು. ಆ ಮೊಳಕೆ ಹದಿಹರೆಯದವರೆಗೂ ಬಲಗೊಳ್ಳುತ್ತ ಹೋಗುತ್ತದೆ. ಚೌಕವನ್ನು ಬರೆಯಲಾರದ ಮಗು ಚಲನೆಯನ್ನು ಕಲ್ಪಿಸಿಕೊಳ್ಳಲಾರದೆಂದೇ ಅರ್ಥವಲ್ಲ. ಅದಕ್ಕೆ ಬರೆಯಲು ಬಾರದಿರಬಹುದಷ್ಟೆ. ಅಳೆಯುವ ಸಾಧನವೇ ಅಳತೆಯನ್ನು ಬದಲಿಸಬಲ್ಲದು ಎಂಬ ಈ ಪಾಠ ಮುಂದೆಯೂ ನೆನಪಿನಲ್ಲಿರಬೇಕು.

ಮೊದಲನೆಯ ವಿಧಾನ: ಕೇಳಿ ತಿಳಿಯುವುದು

ಇಂದು ಬಳಕೆಯಲ್ಲಿರುವ ವಿಧಾನಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು ಪ್ರಶ್ನಾವಳಿ. ಕೆನಡಾದಲ್ಲಿ ವಯಸ್ಕರಿಗಾಗಿ 1983ರಲ್ಲಿ ರಚಿತವಾದ ಚಲನ ಕಲ್ಪನೆಯ ಪ್ರಶ್ನಾವಳಿ ಹಲವು ಬಾರಿ ಪರಿಷ್ಕೃತವಾಯಿತು. ರೋಸ್ ಮಾರ್ಟಿನಿ ಮತ್ತು ಸಂಗಡಿಗರು 2016ರಲ್ಲಿ ಅದನ್ನು 7ರಿಂದ 12 ವರ್ಷದ ಮಕ್ಕಳಿಗೆ ಹೊಂದಿಸಿ ಪ್ರಕಟಿಸಿದರು. ಇದರಲ್ಲಿ ಬರುವ ಚಲನೆಗಳು ನಾಲ್ಕೇ: ಮಂಡಿ ಎತ್ತುವುದು, ನೆಗೆಯುವುದು, ತೋಳನ್ನು ಆಡಿಸುವುದು, ಸೊಂಟ ಬಾಗಿಸುವುದು. ಮಗು ಮೊದಲು ಆ ಚಲನೆಯನ್ನು ಒಮ್ಮೆ ನಿಜವಾಗಿಯೂ ಮಾಡುತ್ತದೆ. ಅನಂತರ ಮೊದಲಿನ ಭಂಗಿಗೆ ಮರಳಿ, ಅಲುಗದೆ, ಅದನ್ನೇ ಮನಸ್ಸಿನಲ್ಲಿ ಮಾಡುತ್ತದೆ. ಅದು ಎಷ್ಟು ಸುಲಭವಾಯಿತು ಅಥವಾ ಕಷ್ಟವಾಯಿತು ಎಂಬುದನ್ನು 1ರಿಂದ 7ರವರೆಗಿನ ಅಂಕದಲ್ಲಿ ತಿಳಿಸುತ್ತದೆ.

ಪ್ರತಿಯೊಂದು ಚಲನೆಯನ್ನೂ ಮೂರು ಬಗೆಯಲ್ಲಿ ಕಲ್ಪಿಸಿಕೊಳ್ಳಬೇಕು. ತನ್ನ ಕಣ್ಣಿನಿಂದಲೇ ತನ್ನ ಮಂಡಿಯನ್ನು ನೋಡುತ್ತಿರುವಂತೆ ಒಂದು ಬಗೆ. ದೂರದರ್ಶನದ ಪರದೆಯ ಮೇಲೆ ತನ್ನನ್ನೇ ನೋಡುತ್ತಿರುವಂತೆ ಇನ್ನೊಂದು. ಯಾವ ಚಿತ್ರವೂ ಇಲ್ಲದೆ, ತೊಡೆ ಬಿಗಿಯಾಗುವುದು, ಮೈಭಾರ ಒಂದೇ ಕಾಲಿನ ಮೇಲೆ ಬೀಳುವುದು ಮುಂತಾದ ಅಂಗಸಂವೇದನೆ ಮಾತ್ರ ಮೂರನೆಯದು. ಒಂದೇ ಮಗುವಿಗೆ ಮೂರೂ ಒಂದೇ ಮಟ್ಟದಲ್ಲಿ ಇರಬೇಕಾಗಿಲ್ಲ. ನೋಡುವುದು ಸುಲಭವಾಗಿ, ಮೈಯಲ್ಲಿ ಅನುಭವಿಸುವುದು ಕಷ್ಟವಾಗಬಹುದು.

ಈ ವಿಧಾನಕ್ಕೆ ಯಂತ್ರೋಪಕರಣಗಳು ಬೇಡ. ಒಂದು ಕೊಠಡಿ, ಒಂದಿಷ್ಟು ತಾಳ್ಮೆ ಸಾಕು. ಆದರೆ ಇದರ ಮಿತಿಯೂ ಸ್ಪಷ್ಟವಾಗಿದೆ. ಮಗು ಕೊಡುವ ಅಂಕ ಅದರ ಸ್ವಂತ ಅಭಿಪ್ರಾಯ. ದೊಡ್ಡವರನ್ನು ಮೆಚ್ಚಿಸಬೇಕೆಂಬ ಮಗು ಎಲ್ಲಕ್ಕೂ 7 ಎನ್ನಬಹುದು; ಅಂಜುಬುರುಕ ಮಗು ಎಲ್ಲಕ್ಕೂ 4 ಎನ್ನಬಹುದು. ಆದ್ದರಿಂದ ಮಗುವಿನ ಮಾತನ್ನು ಮಾತ್ರ ನೆಚ್ಚದೆ ಅದರ ಕಾರ್ಯವನ್ನು ನೋಡುವ ವಿಧಾನಗಳೂ ಬೇಕಾಗುತ್ತವೆ.

ಎರಡನೆಯ ವಿಧಾನ: ಕೈಯ ಚಿತ್ರಗಳು

ಅಮೆರಿಕದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ 1971ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೇರೆ ಬೇರೆ ಕೋನಗಳಲ್ಲಿ ತಿರುಗಿಸಿದ ಎರಡು ಆಕೃತಿಗಳು ಒಂದೇ ಬಗೆಯವೋ ಅಲ್ಲವೋ ಎಂದು ಹೇಳಲು ಬೇಕಾಗುವ ಕಾಲ, ತಿರುಗಿಸಿದ ಕೋನ ಹೆಚ್ಚಿದಂತೆಲ್ಲ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು. ಜನ ಆಕೃತಿಯನ್ನು ಮನಸ್ಸಿನಲ್ಲಿ ನಿಜವಾಗಿಯೂ ತಿರುಗಿಸಿ ನೋಡುತ್ತಿದ್ದರೆಂಬುದಕ್ಕೆ ಕಾಲವೇ ಸಾಕ್ಷಿಯಾಯಿತು. 1987ರಲ್ಲಿ ಲಾರೆನ್ಸ್ ಪಾರ್ಸನ್ಸ್ ಆಕೃತಿಗಳ ಸ್ಥಾನದಲ್ಲಿ ಕೈಯ ಚಿತ್ರಗಳನ್ನು ಬಳಸಿ ಇದನ್ನು ಮುಂದುವರಿಸಿದನು. ಚಿತ್ರದಲ್ಲಿರುವುದು ಎಡಗೈಯೋ ಬಲಗೈಯೋ ಎಂಬುದೇ ಪ್ರಶ್ನೆ.

ಕೇಳುಗರು ಇದನ್ನು ತಮ್ಮ ಕೈಯಿಂದಲೇ ಪರೀಕ್ಷಿಸಬಹುದು. ಅಂಗೈ ಕೆಳಗೆ ಮಾಡಿ ಬಲಗೈಯನ್ನು ಮೇಜಿನ ಮೇಲೆ ಇಟ್ಟು, ಬೆರಳುಗಳನ್ನು ಎದೆಯ ಕಡೆಗೆ ತಿರುಗಿಸಿದರೆ ಕೈ ಸಲೀಸಾಗಿ ತಿರುಗುತ್ತದೆ. ಅದನ್ನೇ ಹೊರಮುಖವಾಗಿ ತಿರುಗಿಸಿದರೆ ಬೇಗನೆ ತಡೆಯುಂಟಾಗುತ್ತದೆ. ವಿಸ್ಮಯದ ಸಂಗತಿಯೆಂದರೆ, ಚಿತ್ರದಲ್ಲಿನ ಕೈ ಹೀಗೆ ಕಷ್ಟದ ಭಂಗಿಯಲ್ಲಿದ್ದರೆ ಉತ್ತರವೂ ತಡವಾಗಿಯೇ ಬರುತ್ತದೆ. ಉತ್ತರಿಸುವವನು ಮನಸ್ಸಿನಲ್ಲಿ ತನ್ನದೇ ಕೈಯನ್ನು ತಿರುಗಿಸಿ ನೋಡುತ್ತಿದ್ದಾನೆ, ಮೂಳೆಗಂಟುಗಳ ತಡೆಯನ್ನು ಕಲ್ಪನೆಯೂ ಮೀರುತ್ತಿಲ್ಲ ಎಂಬುದು ಇದರ ಅರ್ಥ.

ಐದಾರು ವರ್ಷದ ಮಕ್ಕಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅವರ ಸ್ವಂತ ಕೈ ಆಗ ಯಾವ ಭಂಗಿಯಲ್ಲಿತ್ತೆಂಬುದು ಅವರ ಉತ್ತರಗಳ ಮೇಲೆ ವಯಸ್ಕರಿಗಿಂತ ಹೆಚ್ಚಿನ ಪ್ರಭಾವ ಬೀರಿದ್ದು ಕಂಡುಬಂತು. ಎಳೆಯ ಮಕ್ಕಳು ಮೈಯಿಂದಲೇ ಯೋಚಿಸುತ್ತಾರೆ. ಆದ್ದರಿಂದ ಈ ಪರೀಕ್ಷೆಯಲ್ಲಿ ಪರೀಕ್ಷಕರು ನೋಡಬೇಕಾದುದು ಸರಿ ಉತ್ತರಗಳ ಲೆಕ್ಕವನ್ನಷ್ಟೇ ಅಲ್ಲ. ಯಾವ ಭಂಗಿಯಲ್ಲಿ ಕಾಲ ಹಿಗ್ಗಿತು, ಯಾವ ಭಂಗಿಯಲ್ಲಿ ಕುಗ್ಗಿತು ಎಂಬ ಕ್ರಮವನ್ನು ನೋಡಬೇಕು. ಎಲ್ಲ ಉತ್ತರಗಳೂ ಸರಿಯಾಗಿದ್ದರೂ ಕಷ್ಟದ ಭಂಗಿಗೂ ಸುಲಭದ ಭಂಗಿಗೂ ವ್ಯತ್ಯಾಸವೇ ಕಾಣದಿದ್ದರೆ, ಮಗು ಕೈಯನ್ನು ಕಲ್ಪಿಸಿಕೊಳ್ಳದೆ ಬೇರಾವುದೋ ಜಾಣ್ಮೆಯಿಂದ ಉತ್ತರ ಕಂಡುಕೊಂಡಿರಬಹುದು.

ಮೂರನೆಯ ವಿಧಾನ: ಕಾಲದ ಹೋಲಿಕೆ

ಫ್ರಾನ್ಸಿನ ಜೀನ್ ಡಿಸೆಟಿ, ಮಾರ್ಕ್ ಜೆನರೋ ಮತ್ತು ಸಂಗಡಿಗರು 1989ರಲ್ಲಿ ಕೆಲವರಿಗೆ ಒಂದು ಗುರಿಯವರೆಗೆ ನಡೆಯಲು ಹೇಳಿದರು. ಅನಂತರ ಅಷ್ಟೇ ದೂರವನ್ನು ಮನಸ್ಸಿನಲ್ಲಿ ನಡೆಯಲು ಹೇಳಿದರು. ಎರಡಕ್ಕೂ ತಗುಲಿದ ಕಾಲ ಹೆಚ್ಚು ಕಡಿಮೆ ಒಂದೇ ಆಗಿತ್ತು. ಮನಸ್ಸಿನ ಹೆಜ್ಜೆಯೂ ಕಾಲಿನ ಹೆಜ್ಜೆಯಷ್ಟೇ ಕಾಲ ತೆಗೆದುಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯಿತು.

ಇದೇ ತತ್ತ್ವದ ಮೇಲೆ ಮಕ್ಕಳಿಗಾಗಿ ರೂಪುಗೊಂಡ ಪರೀಕ್ಷೆಗೆ ಬೇಕಾದುದು ಕಾಗದ, ಪೆನ್ಸಿಲ್ ಮತ್ತು ಕಾಲ ಅಳೆಯುವ ಗಡಿಯಾರ. ಕಾಗದದ ಮೇಲೆ ಒಂದು ಗೆರೆ, ಅದರಿಂದ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಚೌಕ. ಗೆರೆಯಿಂದ ಚೌಕಕ್ಕೂ ಚೌಕದಿಂದ ಗೆರೆಗೂ ಪೆನ್ಸಿಲನ್ನು ಹಲವು ಬಾರಿ ಆಡಿಸಬೇಕು; ಆಮೇಲೆ ಕೈ ಅಲುಗಿಸದೆ ಅದನ್ನೇ ಮನಸ್ಸಿನಲ್ಲಿ ಮಾಡಬೇಕು. ಚೌಕವನ್ನು ಕಿರಿದಾಗಿಸುತ್ತ ಹೋದಂತೆ ಕೈ ನಿಧಾನವಾಗುತ್ತದೆ. ವೇಗಕ್ಕೂ ನಿಖರತೆಗೂ ನಡುವಣ ಈ ಸಂಬಂಧವನ್ನು ಅಮೆರಿಕದ ಪಾಲ್ ಫಿಟ್ಸ್ 1954ರಲ್ಲಿಯೇ ನಿಯಮವಾಗಿ ನಿರೂಪಿಸಿದ್ದನು. ಚಲನ ಕಲ್ಪನೆ ಚೆನ್ನಾಗಿರುವ ಮಗುವಿನಲ್ಲಿ ಕಲ್ಪಿತ ಚಲನೆಯೂ ಅದೇ ರೀತಿ ನಿಧಾನವಾಗುತ್ತದೆ. ಮಗು ಮನಸ್ಸಿನಲ್ಲಿ ಸುಮ್ಮನೆ ಒಂದು, ಎರಡು ಎಂದು ಎಣಿಸಿ ಮುಗಿಸಿಬಿಟ್ಟರೆ ಈ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದಲೇ ಒಂದು ಚೌಕವನ್ನು ನೆಚ್ಚದೆ ಬೇರೆ ಬೇರೆ ಅಳತೆಯ ಚೌಕಗಳನ್ನು ಬಳಸುತ್ತಾರೆ.

ಕೈ ಎಡವುವ ಮಕ್ಕಳು

ಈ ಅಳತೆಗಳ ಬೆಲೆ ತಿಳಿಯುವುದು ತೊಂದರೆಯಲ್ಲಿರುವ ಮಕ್ಕಳ ವಿಷಯದಲ್ಲಿ. ಬುದ್ಧಿಶಕ್ತಿ, ದೃಷ್ಟಿ, ಸ್ನಾಯುಗಳೆಲ್ಲವೂ ಸರಿಯಿದ್ದರೂ ಕೈಕಾಲುಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಂತೆ ಬಾರದಿರುವ ಸ್ಥಿತಿಯನ್ನು ವಿಕಾಸಾತ್ಮಕ ಸಮನ್ವಯ ದೋಷ ಎನ್ನುತ್ತಾರೆ. 5ರಿಂದ 11 ವರ್ಷದ ಮಕ್ಕಳಲ್ಲಿ ಶೇಕಡ 5ರಿಂದ 6ರಷ್ಟು ಮಂದಿಗೆ ಇದು ಇರುವುದೆಂದು ಅಂದಾಜು. ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು ಮೂವರಾದರೂ ಇರಬಹುದೆಂದಾಯಿತು.

ಆಸ್ಟ್ರೇಲಿಯದ ಸಂಶೋಧಕರು ಇಂಥ ಮಕ್ಕಳಿಗೆ ಪೆನ್ಸಿಲ್ ಮತ್ತು ಚೌಕದ ಪರೀಕ್ಷೆ ಕೊಟ್ಟಾಗ, ನಿಜವಾದ ಚಲನೆ ಚೌಕ ಕಿರಿದಾದಂತೆ ನಿಧಾನವಾಯಿತು. ಕಲ್ಪಿತ ಚಲನೆ ಮಾತ್ರ ಆ ನಿಯಮಕ್ಕೆ ಒಳಪಡಲಿಲ್ಲ. ತೊಡಕು ಬೆರಳಿನಲ್ಲಿ ಮಾತ್ರವಲ್ಲ, ಬೆರಳು ಏಳುವ ಮುನ್ನಿನ ಮುನ್ನೆಣಿಕೆಯಲ್ಲಿಯೂ ಇರಬಹುದೆಂಬ ಸೂಚನೆ ಇದರಿಂದ ದೊರೆಯಿತು. ಸೆರೆಬ್ರಲ್ ಪಾಲ್ಸಿಯಿಂದ ದೇಹದ ಒಂದು ಪಾರ್ಶ್ವ ದುರ್ಬಲವಾದವರಲ್ಲಿಯೂ ಕೆಲವು ಅಧ್ಯಯನಗಳು ಇಂಥದೇ ತೊಡಕನ್ನು ಕಂಡಿವೆ.

ಕಾರಣ ತಿಳಿದರೆ ನೆರವಿನ ದಾರಿಯೂ ತೆರೆಯುತ್ತದೆ. ಪೀಟರ್ ವಿಲ್ಸನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಲನೆಗಳನ್ನು ಮೊದಲು ನೋಡಿ, ಮನಸ್ಸಿನಲ್ಲಿ ಕಲ್ಪಿಸಿ, ಅನಂತರ ಮಾಡುವ ತರಬೇತಿ, ವಾಡಿಕೆಯ ಚಲನ ತರಬೇತಿಯಷ್ಟೇ ಫಲಕಾರಿಯಾಗಿತ್ತು. ಇದು ಮಾಂತ್ರಿಕ ಚಿಕಿತ್ಸೆಯಲ್ಲ. ಕೈಯ ಅಭ್ಯಾಸಕ್ಕೆ ಬದಲಿಯೂ ಅಲ್ಲ. ಆದರೆ ಸೋಮಾರಿಯೆಂದು ಬೈಸಿಕೊಳ್ಳುತ್ತಿದ್ದ ಮಗುವಿಗೆ ಕಲಿಯಲು ಇನ್ನೊಂದು ಬಾಗಿಲಿದೆ ಎಂಬುದನ್ನು ಇದು ತೋರಿಸಿಕೊಟ್ಟಿತು.

ಪರೀಕ್ಷೆಯ ಭಾಷೆ

ಹೊರನಾಡಿನ ಕನ್ನಡ ಕುಟುಂಬಗಳು ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಮುಂಬಯಿ ಅಥವಾ ಪುಣೆಯ ಕನ್ನಡ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತದೆ. ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿಯೂ ಪರಿಸ್ಥಿತಿ ಇಂಥದೇ. ಕೈಯ ಚಿತ್ರ ನೋಡಿ ಎಡವೋ ಬಲವೋ ಎಂದು ಹೇಳಬೇಕಾದಾಗ, ಮನೆಯ ಎಡ ಬಲ, ಮರಾಠಿಯ ಡಾವಾ ಉಜವಾ, ಹಿಂದಿಯ ಬಾಯಾ ದಾಯಾ, ತೆಲುಗಿನ ಎಡಮ ಕುಡಿ ಇವುಗಳ ನಡುವೆ ಮಗು ತಡವರಿಸಿದರೆ ಅದು ಪದದ ತಡವರಿಕೆಯೇ ಹೊರತು ಕಲ್ಪನೆಯದಲ್ಲ. ಗಡಿಯಾರ ಮಾತ್ರ ಅವೆರಡನ್ನೂ ಒಂದೇ ಎಂದು ಬರೆದುಕೊಳ್ಳುತ್ತದೆ. ಮಗುವಿನ ಎರಡು ಕೈಗಳಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಅದೇ ಬಣ್ಣದ ಗುಂಡಿಯನ್ನು ಒತ್ತಲು ಹೇಳುವುದರಿಂದ, ಅಥವಾ ಮನೆಯ ಮಾತಿನಂತೆ ಉಣ್ಣುವ ಕೈ ಯಾವುದೆಂದು ಮೊದಲೇ ಗುರುತಿಸಿಕೊಳ್ಳುವುದರಿಂದ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಬಹುದು.

ಪ್ರಶ್ನಾವಳಿಯಲ್ಲಿ ಅಪಾಯ ಇನ್ನೂ ಸೂಕ್ಷ್ಮ. "ಮನಸ್ಸಿನಲ್ಲಿ ಮಾಡು" ಎಂದರೆ ಕಲ್ಪಿಸಿಕೊ ಎಂದರ್ಥ. "ಮನಸ್ಸು ಮಾಡು" ಎಂದರೆ ನಿರ್ಧರಿಸು ಎಂದರ್ಥ. ಒಂದು ವಿಭಕ್ತಿ ಪ್ರತ್ಯಯ ಜಾರಿದರೆ ಪ್ರಶ್ನೆಯೇ ಬದಲಾಗುತ್ತದೆ. "ನಿನಗೆ ಏನನ್ನಿಸಿತು" ಎಂದು ಕೇಳಿದರೆ ಮಗು ತನ್ನ ಅಭಿಪ್ರಾಯವನ್ನು ಹೇಳೀತೇ ಹೊರತು ತೊಡೆ ಬಿಗಿಯಾದುದನ್ನು ಹೇಳಲಾರದು. "ಕಾಲಿನಲ್ಲಿ ಏನು ಗೊತ್ತಾಯಿತು, ಎಲ್ಲಿ ಬಿಗಿಯಾಯಿತು" ಎಂದು ಕೇಳಿದರೆ ಅದಕ್ಕೆ ಅರ್ಥವಾಗುತ್ತದೆ. ಆದ್ದರಿಂದ ಬೇರೆ ದೇಶದ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಸಾಲದು. ಮಕ್ಕಳಿಂದಲೇ ಅದನ್ನು ಓದಿಸಿ, ಅವರಿಗೆ ಅರ್ಥವಾದುದನ್ನು ಅವರ ಮಾತಿನಲ್ಲಿಯೇ ಹೇಳಿಸಿ, ಇಲ್ಲಿಯ ಮಕ್ಕಳ ಅಂಕಗಳ ಹಿನ್ನೆಲೆಯಲ್ಲಿಯೇ ಫಲಿತಾಂಶವನ್ನು ವಿವೇಚಿಸಬೇಕು. ಮಗುವನ್ನು ತಜ್ಞರ ಬಳಿಗೆ ಕರೆದೊಯ್ಯುವ ತಾಯಿತಂದೆಯರು, ಮಗುವಿಗೆ ಯಾವ ಭಾಷೆ ಹೆಚ್ಚು ಸಲೀಸೆಂಬುದನ್ನು ಮೊದಲೇ ತಿಳಿಸುವುದು ಮತ್ತು ಅಗತ್ಯವಿದ್ದರೆ ಮನೆಮಾತಿನಲ್ಲಿ ವಿವರಿಸಲು ಅವಕಾಶ ಕೇಳುವುದು ಅವರ ಹಕ್ಕು, ಕರ್ತವ್ಯವೂ ಹೌದು.

ನೆರವಿನ ದಾರಿಗಳು

ಚಲನ ಕಲ್ಪನೆಯ ಮಾಪನ ಶಾಲೆಗಳ ವಾಡಿಕೆಯ ಪರೀಕ್ಷೆಯಲ್ಲ, ಆಗಬೇಕಾಗಿಯೂ ಇಲ್ಲ. ಇದು ತಜ್ಞರು ಇತರ ತಪಾಸಣೆಗಳೊಡನೆ ಸೇರಿಸಿ ನೋಡಬೇಕಾದ ಒಂದು ಅಂಶ. ಆದರೆ ಮಗುವಿನ ಚಲನೆಯಲ್ಲಿ ತೊಂದರೆ ಕಂಡಾಗ ಎಲ್ಲಿಗೆ ಹೋಗಬೇಕೆಂಬುದು ತಿಳಿದಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆ ಅಂಗನವಾಡಿಗಳಲ್ಲಿಯೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿಯೂ ನಡೆಯುತ್ತದೆ. ಬೆಳವಣಿಗೆಯ ವಿಳಂಬಗಳು ಅದರ ವ್ಯಾಪ್ತಿಯಲ್ಲಿ ಸೇರಿವೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಮುಂಬಯಿಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ, ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿರುವ ಬಹುವಿಧ ಅಂಗವೈಕಲ್ಯವುಳ್ಳವರ ರಾಷ್ಟ್ರೀಯ ಸಂಸ್ಥೆ, ದೆಹಲಿಯ ಪಂಡಿತ ದೀನದಯಾಳ ಉಪಾಧ್ಯಾಯ ಹೆಸರಿನ ರಾಷ್ಟ್ರೀಯ ಸಂಸ್ಥೆ ಇವು ಚಲನ ತೊಂದರೆಗಳಿಗೆ ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವ ಕೇಂದ್ರ ಸರ್ಕಾರದ ಸಂಸ್ಥೆಗಳು. ದಿವ್ಯಾಂಗರ ಹಕ್ಕುಗಳ ಅಧಿನಿಯಮ, 2016 ಗುರುತಿಸುವ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು.

ಮನೆಯಲ್ಲಿ ಮಾಡಬಹುದಾದುದೂ ಉಂಟು. ಬಟ್ಟೆ ಮಡಿಸುವ ಮುನ್ನ, ಚೆಂಡು ಎಸೆಯುವ ಮುನ್ನ, ಒಂದು ಕ್ಷಣ ನಿಂತು ಮನಸ್ಸಿನಲ್ಲಿ ಮಾಡಿ ನೋಡುವಂತೆ ಮಗುವಿಗೆ ಹೇಳಬಹುದು. ನೃತ್ಯಶಾಲೆಯಲ್ಲಿ ಗುರುವಿನ ತಟ್ಟುಗಳಿಗೆ ಕಣ್ಣುಮುಚ್ಚಿ ಅಡವುಗಳನ್ನು ನೆನೆಯುವ ಮಕ್ಕಳು ಮಾಡುವುದೂ ಇದನ್ನೇ. ಕುಂಟೆಬಿಲ್ಲೆ, ಲಗೋರಿಗಳಂಥ ಆಟಗಳಿಗೆ ಕಾಲಾವಕಾಶ ಕೊಡುವುದೂ ಕಡಿಮೆಯ ಸಹಾಯವಲ್ಲ. ಆದರೆ ಮನೆಯಲ್ಲಿಯೇ ಗಡಿಯಾರ ಹಿಡಿದು ಅಂಕ ಹಾಕುವುದು, ಅಣ್ಣನ ಅಂಕಕ್ಕೆ ತಮ್ಮನ ಅಂಕವನ್ನು ಹೋಲಿಸುವುದು ಸಲ್ಲದು.

ಯಾವ ಒಂದು ಅಂಕವೂ ಮಗುವಿನ ಒಳಗನ್ನು ಪೂರ್ತಿಯಾಗಿ ಹೇಳಲಾರದು. ಪ್ರಶ್ನಾವಳಿ ಮಗುವಿನ ಅಭಿಪ್ರಾಯವನ್ನು ಹೇಳುತ್ತದೆ. ಕೈಯ ಚಿತ್ರ ಅದು ಯೋಚಿಸುವ ಬಗೆಯನ್ನು ಹೇಳುತ್ತದೆ. ಗಡಿಯಾರ ಅದರ ಲಯವನ್ನು ಹೇಳುತ್ತದೆ. ಮೂರೂ ಒಂದೇ ಕಡೆಗೆ ಬೆರಳು ತೋರಿದಾಗ, ಅದೂ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿದಾಗ, ಆ ಮಾತಿಗೆ ತೂಕ ಬರುತ್ತದೆ. ಗೆರೆಯ ಮುಂದೆ ಕಾಲು ಮಡಚಿ ನಿಂತ ಮಗು ಕುಪ್ಪಳಿಸಲು ತಡಮಾಡಿದರೆ, ಬೇಗನೆಂದು ಗದರಿಸುವ ಮುನ್ನ ಆ ಕ್ಷಣವನ್ನು ಅದಕ್ಕೆ ಬಿಟ್ಟುಕೊಡುವುದು ಒಳ್ಳೆಯದು. ಆ ಮಗು ಆಗ ಸುಮ್ಮನೆ ನಿಂತಿರುವುದಿಲ್ಲ.